ಸ್ಕ್ರೀನ್‌ಪ್ರಿಂಟ್ ಪ್ರದರ್ಶನದ ಆಯ್ಕೆ: ಫೋಟೋ ನೋಡಿಯಾ, ಹಾಳೆ ನೋಡಿಯಾ? ಮಂಗಳೂರಿಗೆ ನಿಯಮಾವಳಿಯ ಕರಡು

ಕಾವಿ ಗೋಡೆ

ಮಂಗಳೂರಿನಲ್ಲಿ ಸಮಕಾಲೀನ ಸ್ಕ್ರೀನ್‌ಪ್ರಿಂಟಿಗೆಂದೇ (ಬಿಗಿದ ಜಾಲರಿಯ ಮೂಲಕ ಇಂಕ್ ಎಳೆದು ಮಾಡುವ ಮುದ್ರಣ) ಒಂದು ಪ್ರದರ್ಶನ ಆಗಬೇಕು ಅಂತ ಕೆಲವರು ಸೇರಿ ಹೊರಟಿದ್ದೇವೆ. ಮುಕ್ತ ಆಹ್ವಾನ, ಮೂವರು ತೀರ್ಪುಗಾರರು, ಸುಮಾರು 40 ಕೃತಿಗಳಿಗೆ ಗೋಡೆ. ಜಾಗ ಹೆಂಚಿನ ಮಾಡಿನ ಹಳೆ ಮನೆ, ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ.

ಕರಡು ಹೀಗಿದೆ. ಕಳೆದ 3 ವರ್ಷಗಳಲ್ಲಿ ಮುದ್ರಿಸಿದ ಕೃತಿಗಳಿಗೆ ಮಾತ್ರ ಪ್ರವೇಶ. ಕಾಗದ 70 × 100 ಸೆಂಮೀ ಮೀರಬಾರದು. ಒಬ್ಬರಿಗೆ 3 ಪ್ರವೇಶ. ಎಡಿಷನ್ (ಒಂದೇ ಕೃತಿಯ ಒಟ್ಟು ಪ್ರತಿಗಳು) 50ಕ್ಕಿಂತ ದೊಡ್ಡದಿರಬಾರದು. ಹೆಸರು ಮರೆಮಾಚಿ, ಫೋಟೋ ನೋಡಿ ಆಯ್ಕೆ. ಡಿಜಿಟಲ್ ಪ್ರಿಂಟಿಗೆ ಪ್ರವೇಶ ಇಲ್ಲ.

ಒಮ್ಮತ ಇಲ್ಲದ್ದು ಮೂರು ಕಡೆ. ಫೋಟೋ ನೋಡಿ ಆರಿಸಿದರೆ ಸಾಕಾ? ಇಂಕ್‌ಜೆಟ್ ಮೇಲೆ ಒಂದೆರಡು ಸ್ಕ್ರೀನ್ ಪದರ ಹಾಕಿದ ಕೃತಿಯನ್ನು ಏನು ಮಾಡುವುದು? ಯಾವ ತಿಂಗಳು? ಕೆಲಸ ಗೊತ್ತಿದ್ದವರು ದಯವಿಟ್ಟು ಬಿಡಿಸಿ ಬರೆಯಿರಿ.

ಬಂದರು ಇಂಕ್

ಮೊದಲ ಪ್ರಶ್ನೆಗೆ ಉತ್ತರ: ಸಾಲದು. ಸ್ಕ್ರೀನ್‌ಪ್ರಿಂಟ್ ಅಂದರೆ ಕಾಗದದ ಮೇಲೆ ಕೂತ ಇಂಕಿನ ಪದರ. ಆಫ್‌ಸೆಟ್‌ನಲ್ಲಿ ಆ ಪದರ 1–2 ಮೈಕ್ರಾನ್, ಸ್ಕ್ರೀನ್‌ನಲ್ಲಿ ಸುಲಭವಾಗಿ 10 ದಾಟುತ್ತದೆ, ದಪ್ಪ ಮೆಶ್ (ಸ್ಕ್ರೀನಿನ ಜಾಲರಿ) ಹಾಕಿದರೆ ಇನ್ನೂ ಎಷ್ಟೋ ಪಟ್ಟು. ಮ್ಯಾಟ್ ಕಪ್ಪಿನ ಮೇಲೆ ಹೊಳಪಿನ ವಾರ್ನಿಷ್, ಟ್ರಾನ್ಸ್‌ಪರೆಂಟ್ ಬೇಸ್‌ನಲ್ಲಿ 10% ಬಣ್ಣ ಹಾಕಿ ಒಂದರ ಮೇಲೊಂದು ಎಳೆದ ಮೂರು ನೀಲಿ, ಲೋಹದ ಇಂಕು, ಫ್ಲೋರೋಸೆಂಟ್ ಗುಲಾಬಿ, ಇವು ಯಾವುವೂ ಫೋಟೋದಲ್ಲಿ ಬರುವುದಿಲ್ಲ. ಫ್ಲೋರೋಸೆಂಟ್ ಬಣ್ಣವಂತೂ ಮಾನಿಟರಿನ ವ್ಯಾಪ್ತಿಗೇ ಸಿಗುವುದಿಲ್ಲ. ಫೋಟೋದಲ್ಲಿ ಅದು ಸಪ್ಪೆ ಕಿತ್ತಳೆ ಆಗಿ ಕಾಣುತ್ತದೆ. ಫೋಟೋ ಮಾತ್ರ ನೋಡಿದರೆ ಚಿತ್ರ ಚೆನ್ನಾಗಿರುವ ಕೃತಿಗಳು ಬರುತ್ತವೆ, ಮುದ್ರಣ ಚೆನ್ನಾಗಿರುವವು ಹೊರಗೆ ಉಳಿಯುತ್ತವೆ.

ಇನ್ನೊಂದು ಅಪಾಯ ಹಾಫ್‌ಟೋನಿನದ್ದು, ಅಂದರೆ ಛಾಯೆಯನ್ನು ಸಣ್ಣ ಚುಕ್ಕಿಗಳಾಗಿ ಒಡೆದು ಮುದ್ರಿಸುವುದರದ್ದು. 90ಟಿ ಮೆಶ್ ಅಂದರೆ ಸೆಂಮೀಗೆ 90 ಎಳೆ, ಇಂಚಿಗೆ ಸುಮಾರು 230. ಅದನ್ನು 5ರಿಂದ ಭಾಗಿಸಿದರೆ ಇಂಚಿಗೆ ಸುಮಾರು 45 ಲೈನಿನ (ಚುಕ್ಕಿ ಸಾಲಿನ) ಹಾಫ್‌ಟೋನ್ ನೆಮ್ಮದಿಯಾಗಿ ಕೂರುತ್ತದೆ. 70 ಸೆಂಮೀ ಅಗಲದ ಚಿತ್ರದಲ್ಲಿ ಅಡ್ಡಕ್ಕೆ ಸುಮಾರು 1240 ಚುಕ್ಕಿ ಆಯಿತು. ನೀವು 2000 ಪಿಕ್ಸೆಲ್ ಫೋಟೋ ಕೇಳಿದರೆ ಚುಕ್ಕಿಗೆ 2 ಪಿಕ್ಸೆಲ್ ಕೂಡ ಸಿಗುವುದಿಲ್ಲ. ಪರದೆಯ ಮೇಲೆ ಅಲೆ ಅಲೆ ಮೊಯ್ರೆ ಏಳುತ್ತದೆ, ತೀರ್ಪುಗಾರರು ಅದನ್ನು ಮುದ್ರಕನ ದೋಷ ಅಂದುಕೊಳ್ಳುತ್ತಾರೆ. ಹಾಳೆಯಲ್ಲಿ ಆ ಮೊಯ್ರೆ ಇರುವುದೇ ಇಲ್ಲ.

ಮಣಿಪಾಲ 90ಟಿ

ಬಂದರು ಇಂಕ್ ಹೇಳಿದ್ದಕ್ಕೆ ಪೂರ್ತಿ ಒಪ್ಪಿಗೆ. ಆದರೆ ಮುಕ್ತ ಆಹ್ವಾನ ಅಂದ ಮೇಲೆ ಬಂದವರೆಲ್ಲರ ಹಾಳೆ ತರಿಸಿಕೊಂಡು, ಜೋಪಾನ ಮಾಡಿ, ವಾಪಸು ಕಳಿಸುವುದು ದೊಡ್ಡ ಹೊಣೆ. ಎರಡು ಹಂತ ಮಾಡಿ. ಮೊದಲ ಹಂತ ಫೋಟೋದಲ್ಲಿ, ಗೋಡೆಗೆ ಬೇಕಾದ್ದರ ಒಂದೂವರೆ ಪಟ್ಟು ಆರಿಸಿ. ನಿಮ್ಮ 40ಕ್ಕೆ 60. ಎರಡನೆಯ ಹಂತ ಹಾಳೆಯಲ್ಲಿ.

ಮೊದಲ ಹಂತಕ್ಕೆ ಪ್ರತಿ ಕೃತಿಗೆ ಮೂರು ಫೋಟೋ ಕೇಳಿ. ಒಂದು ಪೂರ್ತಿ ಹಾಳೆ, ಅಂಚು ಸಮೇತ, ಉದ್ದದ ಬದಿ 3000 ಪಿಕ್ಸೆಲ್, ಎಸ್‌ಆರ್‌ಜಿಬಿ, ಜೆಪೆಗ್. ಎರಡು ಬದಿಯಿಂದ 45 ಡಿಗ್ರಿಯಲ್ಲಿ ಸಮಾನ ಬೆಳಕು, ಪಕ್ಕದಲ್ಲಿ ಗ್ರೇ ಕಾರ್ಡ್. ಎರಡನೆಯದು 10 × 10 ಸೆಂಮೀ ಭಾಗದ ಕ್ಲೋಸಪ್, 2000 ಪಿಕ್ಸೆಲ್. 45 ಲೈನಿನ ಹಾಫ್‌ಟೋನಿಗೆ ಇಲ್ಲಿ ಚುಕ್ಕಿಗೆ 11 ಪಿಕ್ಸೆಲ್ ಸಿಗುತ್ತದೆ, ಮೊಯ್ರೆಯ ಮಾತೇ ಇಲ್ಲ. ಮೂರನೆಯದು ಅದೇ ಭಾಗ, ಒಂದೇ ಬದಿಯಿಂದ ತೀರ ಓರೆಯಾಗಿ ಬೆಳಕು ಬಿಟ್ಟು ತೆಗೆದದ್ದು. ಇಂಕಿನ ದಪ್ಪ, ಪದರದ ಅಂಚು, ವಾರ್ನಿಷ್ ಎಲ್ಲ ಅದರಲ್ಲಿ ಎದ್ದು ಕಾಣುತ್ತದೆ. ಇಂಕ್‌ಜೆಟ್ ಆಗಿದ್ದರೆ ಏನೂ ಏಳುವುದಿಲ್ಲ.

ಎರಡನೆಯ ಹಂತಕ್ಕೆ ಒಂದೇ ಎಡಿಷನ್ನಿನ ಎರಡು ಹಾಳೆ ಕೇಳಿ. ನನ್ನ ಮಟ್ಟಿಗೆ ಇಡೀ ನಿಯಮಾವಳಿಯಲ್ಲಿ ಇದಕ್ಕಿಂತ ಮುಖ್ಯವಾದ್ದು ಬೇರೆ ಇಲ್ಲ. ಬಣ್ಣ ಜಾಗ ತಪ್ಪಿ ಕೂತದ್ದು ಉದ್ದೇಶವಾ ದೋಷವಾ ಅಂತ ಜ್ಯೂರಿಯಲ್ಲಿ ಯಾವಾಗಲೂ ಜಗಳ. ಅಮೆರಿಕದ ಪಾಪ್ ಕಲಾವಿದ ವಾರ್ಹಾಲ್ 1962ರಲ್ಲಿ ಫೋಟೋ ಸ್ಕ್ರೀನ್ ಹಿಡಿದಾಗಿನಿಂದ ರಿಜಿಸ್ಟ್ರೇಷನ್ (ಬಣ್ಣಗಳು ಒಂದಕ್ಕೊಂದು ಸರಿಯಾಗಿ ಕೂರುವುದು) ತಪ್ಪಿಸುವುದು ಈ ಮಾಧ್ಯಮದ ಒಂದು ಭಾಷೆಯೇ ಆಗಿದೆ, ಹಾಗಾಗಿ ಒಂದು ಹಾಳೆ ನೋಡಿ ತೀರ್ಮಾನ ಮಾಡಲು ಬರುವುದಿಲ್ಲ. ಎರಡು ಹಾಳೆ ಪಕ್ಕಪಕ್ಕ ಇಡಿ. ಉದಾಹರಣೆಗೆ ಒಂದು ಮುಖದ ಚಿತ್ರದಲ್ಲಿ ತುಟಿಯ ಕೆಂಪು ಎರಡರಲ್ಲೂ ಬಲಕ್ಕೆ 3 ಮಿಮೀ ಸರಿದಿದ್ದರೆ ಅದು ಕಲಾವಿದರ ನಿರ್ಧಾರ. ಒಂದರಲ್ಲಿ ಬಲಕ್ಕೆ 1, ಇನ್ನೊಂದರಲ್ಲಿ ಮೇಲಕ್ಕೆ 2 ಆಗಿದ್ದರೆ ಕಾಗದ ನಿಲ್ಲಿಸಿದ್ದು ಸರಿಯಾಗಿಲ್ಲ. ಪ್ರತಿ ಹಾಳೆಯೂ ಬೇರೆ ಇರಬೇಕೆಂದೇ ಮಾಡಿದವರು ಅದನ್ನು ವೇರಿಯೆಬಲ್ ಎಡಿಷನ್ ಅಂತ ಮೊದಲೇ ನಮೂದಿಸಲಿ.

ಎರಡು ಹಾಳೆಯಲ್ಲಿ ಇನ್ನೂ ಒಂದು ಗೊತ್ತಾಗುತ್ತದೆ: ಇಂಕ್ ಮೆಶ್‌ನಲ್ಲಿ ಒಣಗುತ್ತಾ ಹೋದದ್ದು. ನೀರಿನ ಅಕ್ರಿಲಿಕ್‌ಗೆ ರಿಟಾರ್ಡರ್ (ಒಣಗುವುದನ್ನು ನಿಧಾನ ಮಾಡುವಂಥದ್ದು) ಹಾಕದೆ, ಎಳೆತಗಳ ನಡುವೆ ಫ್ಲಡ್ ಮಾಡದೆ (ಮೆಶ್ ಮೇಲೆ ಇಂಕ್ ಹರಡಿಡದೆ) ಮುದ್ರಿಸಿದರೆ ಮೊದಲು ಸಾಯುವುದು ಸಣ್ಣ ಗೆರೆಗಳು. ಒಂದು ಹಾಳೆಯಲ್ಲಿ ಇರುವ ಕೂದಲೆಳೆ ಇನ್ನೊಂದರಲ್ಲಿ ಇರುವುದಿಲ್ಲ. ನಡುವೆ ಇಂಕಿಗೆ ನೀರು ಸೇರಿಸಿದ್ದರೆ ಬಣ್ಣ ಕೂಡ ತೆಳುವಾಗಿರುತ್ತದೆ. ಹಾಳೆಯ ನಂಬರು ಮುದ್ರಿಸಿದ ಕ್ರಮವನ್ನು ಹೇಳುವುದಿಲ್ಲ, ಆದ್ದರಿಂದ 3 ಮತ್ತು 18 ಕಳಿಸಿ ಅಂತ ಬರೆಯಬೇಡಿ. ಯಾವ ನಂಬರು ಅಂತ ಸಮಿತಿ ಹೇಳಲಿ, ಅದೂ ಎರಡನೆಯ ಹಂತಕ್ಕೆ ಆಯ್ಕೆ ಆದ ಮೇಲೆ.

ಕಡಿಯಾಳಿ

ಎರಡು ಹಾಳೆ ಅಂದರೆ ವಿದ್ಯಾರ್ಥಿಗಳಿಗೆ ಕಷ್ಟ. ಕೆಲವರ ಎಡಿಷನ್ನೇ 5 ಇರುತ್ತದೆ, ಎರಡು ಮಾರಾಟ ಆಗಿರುತ್ತದೆ. ಕೊರಿಯರ್ ಖರ್ಚೂ ಉಂಟು. ಬೇರೆ ದಾರಿ ಇಲ್ಲವಾ?

ಮಣಿಪಾಲ 90ಟಿ

ಉಂಟು. ಕೈಯಲ್ಲಿರುವ ಹಾಳೆಗಳನ್ನೆಲ್ಲ ಬೀಸಣಿಗೆಯ ಹಾಗೆ ಹರಡಿ, ಪ್ರತಿಯೊಂದರ ಒಂದೇ ಮೂಲೆ, ಸುಮಾರು 8 ಸೆಂಮೀ, ಕಾಣುವಂತೆ ಒಂದು ಫೋಟೋ. ಮೂಲೆಯಲ್ಲಿ ಕನಿಷ್ಠ ಎರಡು ಬಣ್ಣ ಸೇರುವ ಅಂಚು ಬರಬೇಕು. ಜೊತೆಗೆ ಒಂದು ಹಾಳೆ ಬಂದರೆ ಸಾಕು. ಎ.ಪಿ. (ಆರ್ಟಿಸ್ಟ್ಸ್ ಪ್ರೂಫ್, ಎಡಿಷನ್ನಿನ ಹೊರಗೆ ಕಲಾವಿದರು ತಮಗೆಂದು ಇಟ್ಟುಕೊಳ್ಳುವ ಪ್ರತಿ) ಕಳಿಸಿದರೂ ಸರಿ. ಎ.ಪಿ. ಸಾಮಾನ್ಯವಾಗಿ ಎಡಿಷನ್ನಿನ 10% ಒಳಗೆ ಇರಬೇಕು ಅನ್ನುವುದನ್ನೂ ನಿಯಮಕ್ಕೆ ಸೇರಿಸಿ. ಎಡಿಷನ್ 10, ಎ.ಪಿ. 8 ಅಂದರೆ ಅದು 18ರ ಎಡಿಷನ್ ಆಯಿತು.

ಆಟಿ ಮಳೆ

ರಿಜಿಸ್ಟ್ರೇಷನ್ ಮಾತು ಬಂತು. ನಮ್ಮ ಕರಾವಳಿಯ ಮಟ್ಟಿಗೆ ಒಂದು ವಿಷಯ ಸೇರಿಸುತ್ತೇನೆ. ಇಲ್ಲಿ ಬಣ್ಣ ತಪ್ಪುವುದು ಹೆಚ್ಚಾಗಿ ಕೈಯಿಂದ ಅಲ್ಲ, ಕಾಗದದಿಂದ.

ಕಾಗದ ಪಸೆ ಎಳೆದರೆ ಹಿಗ್ಗುತ್ತದೆ, ನಾರು ಹರಿಯುವ ದಿಕ್ಕಿಗಿಂತ ಅದಕ್ಕೆ ಅಡ್ಡಲಾಗಿ ತುಂಬಾ ಹೆಚ್ಚು. ತೇವಾಂಶ 50%ನಿಂದ 80%ಕ್ಕೆ ಏರಿದರೆ 70 ಸೆಂಮೀ ಹಾಳೆ ಅಡ್ಡಕ್ಕೆ 1ರಿಂದ 2 ಮಿಮೀ ಬೆಳೆಯಬಹುದು. ಸಾಮಾನ್ಯವಾಗಿ ಕೊಡುವ ಟ್ರ್ಯಾಪ್ (ಎರಡು ಬಣ್ಣ ಒಂದರ ಮೇಲೊಂದು ಹಾಯುವ ಅಂಚು) 0.25ರಿಂದ 0.5 ಮಿಮೀ. ಬೆಳಿಗ್ಗೆ ಎಸಿ ಹಾಕಿದ ಕೋಣೆಯಲ್ಲಿ ಹಳದಿ ಹೊಡೆದು, ಎಸಿ ಆರಿಸಿ ಹೋಗಿ, ಮರುದಿನ ಮಳೆಯ ನಡುವೆ ನೀಲಿ ಹೊಡೆದರೆ ಮಧ್ಯದಲ್ಲಿ ಸರಿ ಕೂತದ್ದು ಎರಡೂ ಅಂಚಿನಲ್ಲಿ ತಪ್ಪುತ್ತದೆ. ಇದೇ ಗುರುತು. ಇಡೀ ಚಿತ್ರ ಒಂದೇ ಕಡೆ ಸರಿದಿದ್ದರೆ ಕಾಗದ ನಿಲ್ಲಿಸುವ ಸ್ಟಾಪ್ ಅಥವಾ ಸ್ಕ್ರೀನಿನ ಹಿಂಜ್ ಸಡಿಲ. ಮಧ್ಯ ಸರಿ ಇದ್ದು ಅಂಚು ತಪ್ಪಿದ್ದರೆ ಕಾಗದ ಬೆಳೆದಿದೆ, ಅಥವಾ ಆಫ್-ಕಾಂಟ್ಯಾಕ್ಟ್ (ಕಾಗದದಿಂದ ಸ್ಕ್ರೀನ್ ಇರುವ ಎತ್ತರ) ಜಾಸ್ತಿಯಾಗಿ ಮೆಶ್ ಎಳೆದುಕೊಂಡಿದೆ. ಕಾಗದಕ್ಕೆ 2–3 ಮಿಮೀ ಎತ್ತರ ಸಾಕು. ಸ್ಕ್ರೀನಿನ ಬಿಗಿತ ಕಡಿಮೆ ಇದ್ದರೆ ಮೆಶ್ ಏಳಲಿಕ್ಕೆ ಎತ್ತರ ಹೆಚ್ಚಿಸುತ್ತಾ ಹೋಗುತ್ತಾರೆ, ಅಲ್ಲಿಂದ ತೊಂದರೆ ಶುರು. ಅಲ್ಯೂಮಿನಿಯಂ ಫ್ರೇಮಿನಲ್ಲಿ ಸೆಂಮೀಗೆ 20 ನ್ಯೂಟನ್ ಹತ್ತಿರ ಬಿಗಿ ಮಾಡಿಸಿ. ಸ್ಟೇಪಲ್ ಹೊಡೆದ ಮರದ ಫ್ರೇಮು ಅದರ ಅರ್ಧ ಹಿಡಿದರೆ ಹೆಚ್ಚು, ಮಳೆಗಾಲದಲ್ಲಿ ಸೊಟ್ಟಗಾಗಿ ನಾಲ್ಕು ಮೂಲೆ ಮೇಜಿಗೆ ಕೂರುವುದೂ ಇಲ್ಲ.

ಕಾಗದಕ್ಕೆ ಮಾಡಬೇಕಾದ್ದು: ಕಟ್ಟು ಬಿಚ್ಚಿ, ಮುದ್ರಿಸುವ ಕೋಣೆಯಲ್ಲೇ ರ‍್ಯಾಕಿನಲ್ಲಿ 24 ಗಂಟೆ ಹರಡಿಡಿ. ಎಲ್ಲ ಹಾಳೆಗಳ ನಾರಿನ ದಿಕ್ಕು ಒಂದೇ ಇರಲಿ. ಸ್ಟಾಪ್‌ಗಳು ಮೂರು, ಉದ್ದದ ಬದಿಗೆ ಎರಡು, ಗಿಡ್ಡ ಬದಿಗೆ ಒಂದು, ಮತ್ತು ಪ್ರತಿ ಬಣ್ಣಕ್ಕೂ ಅದೇ ಮೂಲೆ. ಹಾಳೆಯ ಹಿಂದೆ ಆ ಮೂಲೆಗೆ ಪೆನ್ಸಿಲಿನಲ್ಲಿ ಸಣ್ಣ ಗುರುತು. ಕೈಯಲ್ಲಿ ಮಾಡಿದ ಕಾಗದದ ಹರಕು ಅಂಚು ಸ್ಟಾಪಿಗೆ ಸರಿಯಾಗಿ ತಾಗುವುದಿಲ್ಲ. ಹಿಂಬದಿಗೆ ದಪ್ಪ ಪಾಲಿಯೆಸ್ಟರ್ ಫಿಲ್ಮಿನ ಚೌಕ ತುಂಡುಗಳನ್ನು ತೆಗೆಯಬಹುದಾದ ಟೇಪಿನಲ್ಲಿ ಅಂಟಿಸಿ, ಆ ತುಂಡುಗಳನ್ನು ಸ್ಟಾಪಿಗೆ ತಾಗಿಸಿ. ಎಡಿಷನ್ ಮುಗಿದ ಮೇಲೆ ಬಿಡಿಸಿದರಾಯಿತು. ಡೀಹ್ಯುಮಿಡಿಫೈಯರ್ ಇದ್ದರೆ ಮೊದಲ ಬಣ್ಣದಿಂದ ಕೊನೆಯ ಬಣ್ಣದ ತನಕ ಆರಿಸಲೇಬೇಡಿ.

ಕಡಿಯಾಳಿ

ಮಳೆಗಾಲದಲ್ಲಿ ಎಮಲ್ಷನ್ನೇ (ಮೆಶ್‌ಗೆ ಬಳಿಯುವ, ಬೆಳಕು ಬಿದ್ದಲ್ಲಿ ಗಟ್ಟಿಯಾಗುವ ಲೇಪ) ನಿಲ್ಲುವುದಿಲ್ಲವಲ್ಲ, ತೊಳೆಯುವಾಗ ಚಿತ್ರದ ಜೊತೆಗೆ ಎದ್ದು ಬರುತ್ತದೆ. ಎಕ್ಸ್‌ಪೋಸ್ ಹೊತ್ತು ಜಾಸ್ತಿ ಮಾಡಿದರೆ ಸಣ್ಣ ಗೆರೆ ಮುಚ್ಚಿಹೋಗುತ್ತದೆ. ಇದು ಪ್ರದರ್ಶನದ ಚರ್ಚೆಯಲ್ಲಿ ಕೇಳಬಹುದೋ ಗೊತ್ತಿಲ್ಲ. ಆದರೆ ಪ್ರವೇಶದ ಕೊನೆ ದಿನ ಅಕ್ಟೋಬರಿನಲ್ಲಿ ಇಟ್ಟರೆ ಉಡುಪಿ, ಮಂಗಳೂರಿನವರು ಮುದ್ರಿಸಬೇಕಾದ್ದು ಮಳೆಯಲ್ಲೇ.

ಆಟಿ ಮಳೆ

ಕೇಳಬೇಕಾದ ಪ್ರಶ್ನೆಯೇ. ಹೊತ್ತು ಹೆಚ್ಚಿಸಿದರೆ ಗುಣ ಆಗುವುದಿಲ್ಲ, ಏಕೆಂದರೆ ಕೊರತೆ ಬೆಳಕಿನದ್ದಲ್ಲ. ಎಮಲ್ಷನ್ ಮುಟ್ಟಿದರೆ ಒಣಗಿದ ಹಾಗೆ ಇರುತ್ತದೆ, ಒಳಗೆ ನೀರು ಉಂಟು. ನೀರಿರುವ ಕಡೆ ಅದರ ಕಣಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವುದಿಲ್ಲ. ತೊಳೆಯುವಾಗ ಸ್ಕ್ವೀಜಿ (ಇಂಕ್ ಎಳೆಯುವ ರಬ್ಬರ್ ಪಟ್ಟಿ) ಬದಿಯಲ್ಲಿ ಬೆರಳು ಆಡಿಸಿ ನೋಡಿ: ಲೋಳೆ ಲೋಳೆ ಜಾರಿದರೆ ಒಳಪದರ ಗಟ್ಟಿಯಾಗಿಲ್ಲ.

ಒಣಗಿಸುವಲ್ಲಿ ತೇವಾಂಶ 45%ಕ್ಕಿಂತ ಕೆಳಗೆ ಇರಬೇಕು, ಶಾಖ 40 ಡಿಗ್ರಿ ಮೀರಬಾರದು. ಬರೇ ಫ್ಯಾನ್ ಹಾಕಿದರೆ ಒದ್ದೆ ಗಾಳಿಯೇ ಸುತ್ತುತ್ತದೆ. ಒಂದು ಲೆಕ್ಕ ನೋಡಿ. ಆಟಿಯಲ್ಲಿ (ಜುಲೈ–ಆಗಸ್ಟಿನ ತುಳು ತಿಂಗಳು) ಹೊರಗೆ 28 ಡಿಗ್ರಿ, 90% ತೇವಾಂಶ. ಅದೇ ಗಾಳಿಯನ್ನು ಮುಚ್ಚಿದ ಕಪಾಟಿನೊಳಗೆ 38 ಡಿಗ್ರಿಗೆ ಬಿಸಿ ಮಾಡಿದರೆ ತೇವಾಂಶ ಸುಮಾರು 51%ಕ್ಕೆ ಇಳಿಯುತ್ತದೆ. ಉಳಿದದ್ದನ್ನು ಸಣ್ಣ ಡೀಹ್ಯುಮಿಡಿಫೈಯರ್ ಎಳೆಯುತ್ತದೆ. ಹಾಗಾಗಿ ಬಿಸಿ ಮತ್ತು ಡೀಹ್ಯುಮಿಡಿಫೈಯರ್ ಎರಡೂ ಬೇಕು, ಜೊತೆಗೆ ಒಂದು ಹೈಗ್ರೋಮೀಟರ್. ಕಪಾಟಿನಲ್ಲಿ ಸ್ಕ್ರೀನನ್ನು ಮುದ್ರಿಸುವ ಬದಿ ಕೆಳಗೆ ಮಾಡಿ ಮಲಗಿಸಿ. ಹಾಗೆ ಒಂದೆರಡು ಗಂಟೆಯಲ್ಲಿ ಒಣಗುತ್ತದೆ. ಒಣಗಿದ ಮೇಲೆ ಹೊರಗೆ ಇಟ್ಟು ಊಟಕ್ಕೆ ಹೋಗಬೇಡಿ, ಎಮಲ್ಷನ್ ಮತ್ತೆ ಪಸೆ ಕುಡಿಯುತ್ತದೆ. ಕಪಾಟಿನಿಂದ ನೇರ ಎಕ್ಸ್‌ಪೋಸಿಗೆ. ಕಾಗದದ ಕೆಲಸಕ್ಕೆ ಮುದ್ರಿಸುವ ಬದಿಗೊಂದು, ಸ್ಕ್ವೀಜಿ ಬದಿಗೊಂದು ಕೋಟು ಸಾಕು.

ಬಿಸಿಲಿನಲ್ಲಿ ಎಕ್ಸ್‌ಪೋಸ್ ಮಾಡುವುದನ್ನು ಮಳೆಗಾಲದಲ್ಲಿ ಬಿಟ್ಟುಬಿಡಿ, ಮೋಡ ಬಂದು ಹೋದ ಹಾಗೆ ಹೊತ್ತು ಬದಲಾಗುತ್ತದೆ. ಯುವಿ ಟ್ಯೂಬಿನ ಪೆಟ್ಟಿಗೆ ಇದ್ದರೆ ಪಟ್ಟಿ ಪರೀಕ್ಷೆ ಮಾಡಿ. ಡಯಾಜೋ ಎಮಲ್ಷನ್ ಆದರೆ ಐದು ಹಂತದಲ್ಲಿ ಮುಚ್ಚುತ್ತಾ ಹೋಗಿ, ತೊಳೆದು ಒಣಗಿಸಿ ನೋಡಿ. ಹಳದಿ ಬಣ್ಣ ಹಂತ ಹಂತವಾಗಿ ಬಿಳುಚುತ್ತದೆ. ಎರಡು ಪಕ್ಕದ ಪಟ್ಟಿಗಳ ನಡುವೆ ವ್ಯತ್ಯಾಸ ನಿಂತ ಜಾಗವೇ ಸರಿಯಾದ ಹೊತ್ತು. ಬೆರೆಸಿದ ಡಯಾಜೋ ನಮ್ಮ ಸೆಕೆಗೆ ಹೊರಗೆ ಸುಮಾರು 4 ವಾರ, ಫ್ರಿಜ್ಜಿನಲ್ಲಿ 2–3 ತಿಂಗಳು. ಡಬ್ಬದ ಮೇಲೆ ಬೆರೆಸಿದ ತಾರೀಕು ಬರೆಯಿರಿ.

ಟ್ರೇಸಿಂಗ್ ಕಾಗದದ ಮೇಲೆ ಲೇಸರ್ ಪ್ರಿಂಟ್ ತೆಗೆದು ಪಾಸಿಟಿವ್ (ಎಕ್ಸ್‌ಪೋಸಿಗೆ ಎಮಲ್ಷನ್ ಮೇಲೆ ಇಡುವ ಕಪ್ಪು ಚಿತ್ರ) ಮಾಡುವವರಿಗೂ ಒಂದು ಮಾತು. ಲೇಸರಿನ ಬಿಸಿಗೆ ಟ್ರೇಸಿಂಗ್ ಕುಗ್ಗುತ್ತದೆ, ಆಮೇಲೆ ಪಸೆ ಎಳೆದು ಹಿಗ್ಗುತ್ತದೆ. ನಾಲ್ಕು ಬಣ್ಣದ ನಾಲ್ಕು ಪಾಸಿಟಿವ್ ನಾಲ್ಕು ಅಳತೆ ಆಗುತ್ತದೆ. ಇಂಕ್‌ಜೆಟ್ ಫಿಲ್ಮಿಗೆ ಹೋಗಿ. ಮುದ್ರಿತ ಮೈ ಎಮಲ್ಷನ್ನಿಗೆ ತಾಗಿರಬೇಕು, ಇಲ್ಲದಿದ್ದರೆ ಫಿಲ್ಮಿನ ದಪ್ಪದಷ್ಟು ಬೆಳಕು ಒಳಗೆ ನುಗ್ಗಿ ಗೆರೆಯನ್ನು ತಿನ್ನುತ್ತದೆ.

ಬಂದರು ಇಂಕ್

ಆಟಿ ಮಳೆಯವರ ಮಾತಿಗೆ ಸೇರಿಸಬೇಕಾದ್ದು ಒಂದು ಉಂಟು. ಲಗ್ನಪತ್ರಿಕೆ, ಸ್ಟಿಕರ್ ಮುದ್ರಿಸುವ ಎಷ್ಟೋ ಕಡೆ ಈಗಲೂ ಡೈಕ್ರೋಮೇಟ್ ಬೆರೆಸಿದ ಎಮಲ್ಷನ್ ಬಳಸುತ್ತಾರೆ, ಅಗ್ಗ ಅಂತ. ಅದರಲ್ಲಿರುವುದು ಹೆಕ್ಸಾವೇಲೆಂಟ್ ಕ್ರೋಮಿಯಂ, ಕ್ಯಾನ್ಸರಿಗೆ ಕಾರಣ ಆಗುವಂಥದ್ದು. ನಮ್ಮದು ಮುರಕಲ್ಲಿನ ನೆಲ, ನೀರು ಸಲೀಸಾಗಿ ಇಳಿಯುತ್ತದೆ, ಪಕ್ಕದಲ್ಲೇ ಬಾವಿ. ಸ್ಕ್ರೀನ್ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಅಂತ ಯೋಚಿಸಿ. ಡಯಾಜೋ ಅಥವಾ ಬೆರೆಸಿಯೇ ಬರುವ ಫೋಟೋಪಾಲಿಮರ್ ಬಳಸಿ ಅಂತ ಪ್ರವೇಶ ಪತ್ರಿಕೆಯಲ್ಲೇ ಒಂದು ಸಾಲು ಹಾಕಿದರೆ ಒಳ್ಳೆಯದು. ಕಡ್ಡಾಯ ಮಾಡಲಿಕ್ಕೆ ಆಗದು, ಆದರೆ ಹೇಳಲೇಬೇಕು.

ಕಾವಿ ಗೋಡೆ

ತುಂಬಾ ಉಪಯೋಗ ಆಯಿತು. ಫೋಟೋ, ಹಾಳೆ ಎರಡು ಹಂತ ಅಂತ ಬದಲಿಸಿದ್ದೇನೆ. ಈಗ ಎರಡನೆಯ ಪ್ರಶ್ನೆ. ಇಂಕ್‌ಜೆಟ್ ಮೇಲೆ ಸ್ಕ್ರೀನ್ ಹೊಡೆದದ್ದು ಮತ್ತು ವರ್ಣಚಿತ್ರವನ್ನು ನೋಡಿ ಸ್ಟುಡಿಯೋದವರು ಮಾಡಿಕೊಡುವ ಸೆರಿಗ್ರಾಫ್. ಇವೆರಡನ್ನು ಒಂದೇ ನಿಯಮದಲ್ಲಿ ಹೊರಗಿಡಬಹುದಾ?

ನೇತ್ರಾವತಿ ದಂಡೆ

ಒಂದೇ ನಿಯಮ ಬೇಡ, ಎರಡೂ ಬೇರೆ ಬೇರೆ ವಿಷಯ.

ಮುದ್ರಣದ ವಿಧಾನ ನೋಡಿ ಮೂಲ ಕೃತಿ ಯಾವುದು ಅಂತ ಗೆರೆ ಎಳೆಯುವ ಪ್ರಯತ್ನ ಹಳೆಯದು. 1960ರ ವಿಯೆನ್ನಾ ಕಲಾ ಸಮ್ಮೇಳನದಲ್ಲಿ ಮಾಡಿದ ವ್ಯಾಖ್ಯೆ ಕಲಾವಿದ ತಾನೇ ಮೂಲ ಬ್ಲಾಕನ್ನೋ ಸ್ಕ್ರೀನನ್ನೋ ರೂಪಿಸಬೇಕು ಅನ್ನುವ ಕಡೆಗೆ ವಾಲಿತ್ತು. ಅದೇ ದಶಕದಲ್ಲಿ ಸ್ಕ್ರೀನ್‌ಪ್ರಿಂಟ್ ಆ ಗೆರೆಯನ್ನು ದಾಟಿತು. ಲಂಡನ್ನಿನಲ್ಲಿ 1957ರಲ್ಲಿ ಕೆಲ್‌ಪ್ರಾ ಸ್ಟುಡಿಯೋ ಶುರು ಮಾಡಿದ ಕ್ರಿಸ್ ಪ್ರೇಟರ್, 1965ರಲ್ಲಿ ಬ್ರಿಟಿಷ್ ಕಲಾವಿದ ಎಡ್ವಾರ್ಡೋ ಪಾವೊಲೊಜಿಯ ಕೊಲಾಜುಗಳಿಂದ ‘ಆ್ಯಸ್ ಈಸ್ ವೆನ್’ ಅನ್ನುವ ಸರಣಿಯನ್ನು ಮುದ್ರಿಸಿಕೊಟ್ಟರು. ಸ್ಟೆನ್ಸಿಲ್ ಕೊರೆಯುವುದರಲ್ಲಿ ಪ್ರೇಟರ್ ಎತ್ತಿದ ಕೈ. ಕಲಾವಿದ ಸ್ಕ್ವೀಜಿ ಹಿಡಿಯಲಿಲ್ಲ ಅಂತ ಆ ಸರಣಿಯನ್ನು ಮೂಲ ಕೃತಿ ಅಲ್ಲ ಅನ್ನುವವರು ಇವತ್ತು ಯಾರೂ ಇಲ್ಲ, ಏಕೆಂದರೆ ಅದು ಸ್ಕ್ರೀನಿಗೆಂದೇ ಯೋಚಿಸಿದ ಕೃತಿ. ಬೇರೆ ಎಲ್ಲಿಯೂ ಅದರ ಮೂಲ ಅಂತ ಒಂದು ವರ್ಣಚಿತ್ರ ಇಲ್ಲ.

ನಮ್ಮಲ್ಲಿ ಎಂ. ಎಫ್. ಹುಸೇನರಂಥ ದೊಡ್ಡ ಚಿತ್ರಕಾರರ ವರ್ಣಚಿತ್ರಗಳನ್ನು ನೋಡಿ ಮಾಡಿದ ಸೆರಿಗ್ರಾಫ್‌ಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟು. ಅವುಗಳಲ್ಲಿ ಮುದ್ರಣದ ಕೌಶಲ ಅದ್ಭುತ ಇರಬಹುದು, ಎಷ್ಟೋ ಸ್ಕ್ರೀನ್ ಬಳಸಿರಬಹುದು. ಆದರೂ ಅದು ಈಗಾಗಲೇ ಇರುವ ಚಿತ್ರದ ಪ್ರತಿ. ಸಮಕಾಲೀನ ಸ್ಕ್ರೀನ್‌ಪ್ರಿಂಟ್ ಪ್ರದರ್ಶನಕ್ಕೆ ಅದು ಬೇಡ ಅನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ನಿಯಮ ಹೀಗೆ ಬರೆಯಿರಿ: ಬೇರೆ ಮಾಧ್ಯಮದಲ್ಲಿ ಮೊದಲೇ ಪೂರ್ಣಗೊಂಡ ಕೃತಿಯ ಪುನರುತ್ಪಾದನೆಗೆ ಪ್ರವೇಶ ಇಲ್ಲ.

ಇಂಕ್‌ಜೆಟ್ ಬೆರೆತದ್ದಕ್ಕೆ ಬಾಗಿಲು ಮುಚ್ಚಬೇಡಿ. ಈಗಿನ ಒಳ್ಳೆಯ ಕೆಲಸದಲ್ಲಿ ಎರಡೂ ಬೆರೆಯುತ್ತಿವೆ. ಆದರೆ ತೆರೆದು ಹೇಳಬೇಕು, ಮತ್ತು ಚಿತ್ರ ನಿಂತಿರುವುದು ಸ್ಕ್ರೀನ್ ಪದರಗಳ ಮೇಲೆ ಇರಬೇಕು. ಪರೀಕ್ಷೆ ಸುಲಭ. 10 ಪಟ್ಟು ಹಿಗ್ಗಿಸುವ ಲೂಪ್ ಹಿಡಿದು ನೋಡಿ. ಇಂಕ್‌ಜೆಟ್ಟಿನ ಚುಕ್ಕಿ ಚೆಲ್ಲಾಪಿಲ್ಲಿ, ಕಾಗದಕ್ಕೆ ಇಂಗಿರುತ್ತದೆ, ಅಂಚಿಲ್ಲ. ಸ್ಕ್ರೀನಿನ ಚುಕ್ಕಿಗೆ ಮೈ ಇರುತ್ತದೆ, ಅಂಚು ಕತ್ತರಿಸಿದ ಹಾಗೆ, ಓರೆ ಗೆರೆಗಳಲ್ಲಿ ಮೆಶ್ಶಿನ ಸಣ್ಣ ಗರಗಸದ ಹಲ್ಲು ಕಾಣುತ್ತದೆ. ಒಂದು ಬಣ್ಣದ ಮೇಲೆ ಇನ್ನೊಂದು ಹತ್ತಿದಲ್ಲಿ ಮೆಟ್ಟಿಲು. ಲೂಪಿನ ಅಡಿಯಲ್ಲಿ ಸ್ಕ್ರೀನ್ ಪದರ ತೆಗೆದು ಹಾಕಿದಂತೆ ಕಲ್ಪಿಸಿಕೊಂಡರೂ ಚಿತ್ರ ಹಾಗೇ ಉಳಿಯುತ್ತದೆ ಅಂತಾದರೆ ಅದು ಇಂಕ್‌ಜೆಟ್ ಪ್ರಿಂಟು.

ಬಂದರು ಇಂಕ್

ಹಾಗಾದರೆ ಮುದ್ರಕರ ಹೆಸರೂ ಬರಬೇಕು. ಪ್ರೇಟರ್ ಹೆಸರು ನೀವು ಹೇಳಿದಿರಿ, ಆದರೆ ಇಲ್ಲಿ ಬೇರೆಯವರ ಕೈಯಲ್ಲಿ ಮುದ್ರಿಸಿ ಲೇಬಲಿನಲ್ಲಿ ತನ್ನ ಹೆಸರು ಮಾತ್ರ ಹಾಕುವ ಪದ್ಧತಿ ಉಂಟು. ಪ್ರವೇಶ ಪತ್ರಿಕೆಯಲ್ಲಿ ಕೇಳಿ: ಸ್ಕ್ರೀನ್ ತಯಾರಿಸಿದ್ದು ಯಾರು, ಎಳೆದದ್ದು ಯಾರು, ಒಟ್ಟು ಸ್ಕ್ರೀನ್ ಎಷ್ಟು, ಮೆಶ್ ಎಷ್ಟು, ಇಂಕ್ ಯಾವುದು, ಕಾಗದ ಯಾವುದು, ಎಷ್ಟು ಗ್ರಾಂ, ಎಡಿಷನ್ ಎಷ್ಟು, ಎ.ಪಿ. ಎಷ್ಟು. ಗೋಡೆಯ ಲೇಬಲಿನಲ್ಲಿ ಅದೆಲ್ಲ ಬೇಡ, ಸ್ಕ್ರೀನಿನ ಸಂಖ್ಯೆ ಮತ್ತು ಮುದ್ರಕರ ಹೆಸರು ಇರಲಿ. ನೋಡುವವರಿಗೆ 14 ಸ್ಕ್ರೀನ್ ಅಂತ ಓದಿದ ಮೇಲೆ ಹಾಳೆಯ ಹತ್ತಿರ ಹೋಗಿ ಹುಡುಕುವ ಮನಸ್ಸು ಬರುತ್ತದೆ.

ನೇತ್ರಾವತಿ ದಂಡೆ

ಒಪ್ಪಿದೆ. ಪ್ರದರ್ಶನದ ಒಂದು ಮೂಲೆಯಲ್ಲಿ ಮೇಜು ಹಾಕಿ, ಆಯ್ಕೆಯಾದ ಒಂದು ಕೃತಿಯ ಪಾಸಿಟಿವ್‌ಗಳು, ಒಂದು ಸ್ಕ್ರೀನು, ಒಂದೊಂದೇ ಬಣ್ಣ ಏರಿದ ಪ್ರೂಫ್‌ಗಳನ್ನು ಸಾಲಾಗಿ ಇಡಿ. ಮುದ್ರಣ ಈ ಊರಿಗೆ ಹೊಸತಲ್ಲ. ಬಾಸೆಲ್ ಮಿಷನ್ನಿನ ಕಲ್ಲಚ್ಚಿನ ಮುದ್ರಣಾಲಯ ಇಲ್ಲಿ 1841ರಲ್ಲೇ ಶುರುವಾಯಿತು, 1843ರ ಮಂಗಳೂರ ಸಮಾಚಾರ ಅಚ್ಚಾದದ್ದೂ ಕಲ್ಲಿನಿಂದ. ಪೇಟೆಯಲ್ಲಿ ಲಗ್ನಪತ್ರಿಕೆ ಮುದ್ರಿಸುವವರನ್ನೂ ಆ ಮೇಜಿಗೆ ಕರೆಯಿರಿ. ಚಿನ್ನದ ಇಂಕನ್ನು ಗಂಟು ಕಟ್ಟದ ಹಾಗೆ ಎಳೆಯುವುದು ಹೇಗೆ ಅಂತ ಅವರಿಗೆ ಗೊತ್ತಿರುವಷ್ಟು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ.

ಮುರಕಲ್ಲು

ಮೂರನೆಯ ಪ್ರಶ್ನೆಗೆ ಯಾರೂ ಕೈ ಹಾಕಲಿಲ್ಲ. ತಿಂಗಳು ಮತ್ತು ಗೋಡೆ ಎರಡನ್ನೂ ಒಟ್ಟಿಗೆ ನೋಡಬೇಕು.

ದೀಪಾವಳಿ ಕಳೆದು ಶಿವರಾತ್ರಿಯ ಒಳಗೆ ಮಾಡಿ. ಮೇ ಕೊನೆಯ ಪತ್ತನಾಜೆ (ಮಳೆಗಾಲಕ್ಕೆ ಮೊದಲಿನ ತುಳು ದಿನ) ಹತ್ತಿರ ಬಂದ ಮೇಲೆ ಹೆಂಚಿನ ಮನೆಯಲ್ಲಿ ಕಾಗದದ ಕೃತಿ ತೂಗಿಸುವುದು ಬೇಡವೇ ಬೇಡ. ತೇವಾಂಶ 65–70% ದಾಟಿ ನಿಂತರೆ ಬೂಷ್ಟು ಹಿಡಿಯುತ್ತದೆ, ಜೂನಿನಿಂದ ಇಲ್ಲಿ ಅದಕ್ಕಿಂತ ಎಷ್ಟೋ ಮೇಲೆ. ಉಡುಪಿಯಿಂದಲೂ ಜನ ಬರಬೇಕು ಅಂತಿದ್ದರೆ ಸಮ ವರ್ಷಗಳಲ್ಲಿ ಜನವರಿ 18ರ ಕೃಷ್ಣಮಠದ ಪರ್ಯಾಯದ ವಾರ ಬಿಟ್ಟುಬಿಡಿ. ಆಗ ಅಲ್ಲಿ ಯಾರಿಗೂ ಪುರುಸೊತ್ತಿಲ್ಲ, ಹೊರಗಿನಿಂದ ಬಂದವರಿಗೆ ಉಳಿಯಲಿಕ್ಕೆ ಕೋಣೆಯೂ ಸಿಗದು.

ಮುರಕಲ್ಲು ಮಳೆಗಾಲದಲ್ಲಿ ಕುಡಿದ ನೀರನ್ನು ಮಳೆ ನಿಂತ ಮೇಲೂ ಬಹಳ ದಿನ ಹೊರಗೆ ಬಿಡುತ್ತಾ ಇರುತ್ತದೆ. ಹೊರಗೋಡೆಗೆ ನೇರ ತೂಗಿಸಿದ ಚೌಕಟ್ಟಿನ ಹಿಂಬದಿ ಸುಣ್ಣ ಒಣಗಿದಂತೆ ಕಂಡರೂ ತಂಪಾಗಿರುತ್ತದೆ, ಅಲ್ಲಿಯೇ ಪಸೆ ಕಟ್ಟುವುದು. ಒಳಗೋಡೆಗಳನ್ನು ಮೊದಲು ತುಂಬಿಸಿ. ಹೊರಗೋಡೆ ಬೇಕೇ ಬೇಕೆಂದರೆ 50 ಮಿಮೀ ಅಂತರ ಬಿಟ್ಟು ಪ್ಲೈವುಡ್ ಹಲಗೆ ನಿಲ್ಲಿಸಿ, ಮೇಲೆ ಕೆಳಗೆ ಗಾಳಿ ಆಡಲಿ. ಹಲಗೆ ನೆಲಕ್ಕೆ ತಾಗಬಾರದು, ಒರಲೆ (ಗೆದ್ದಲು) ಅಲ್ಲಿಂದಲೇ ಹತ್ತುತ್ತದೆ. ಪ್ರತಿ ಚೌಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ಕಾರ್ಕ್ ಗುಂಡಿ. ಕೊಕ್ಕೆ, ಮೊಳೆ ಎಲ್ಲ ಸ್ಟೈನ್‌ಲೆಸ್ ಅಥವಾ ಹಿತ್ತಾಳೆಯದ್ದು. ಕಡಲ ಗಾಳಿಗೆ ಕಬ್ಬಿಣದ ಮೊಳೆ ತುಕ್ಕು ಬಿಟ್ಟು ಗೋಡೆಯಲ್ಲೂ ಚೌಕಟ್ಟಿನಲ್ಲೂ ಕಲೆ ಮಾಡುತ್ತದೆ.

ಗಾಜಿನ ಹೆಂಚು ಇದೆಯಾ ನೋಡಿ. ಇದ್ದರೆ ಬಿಸಿಲಿನ ಚೌಕ ಒಂದು ದಿನವಿಡೀ ಗೋಡೆಯ ಮೇಲೆ ನಡೆಯುತ್ತದೆ, ಮತ್ತು ಫ್ಲೋರೋಸೆಂಟ್ ಇಂಕ್ ಬಿಸಿಲಿಗೆ ಎಲ್ಲಕ್ಕಿಂತ ಬೇಗ ಸಾಯುತ್ತದೆ. ಹೆಂಚಿಗೆ ಒಳಗಿನಿಂದ ಯುವಿ ಫಿಲ್ಮ್ ಹಾಕಿ, ಅದರ ಕೆಳಗೆ ಬಿಳಿ ಬಟ್ಟೆ ಕಟ್ಟಿ. ಕಾಗದದ ಕೃತಿಗಳಿಗೆ ಬೆಳಕು 50 ಲಕ್ಸ್ ಹತ್ತಿರ ಇರಲಿ. ಮ್ಯಾಟ್ ಮತ್ತು ಹೊಳಪು ಒಟ್ಟಿಗೆ ಇರುವ ಕೃತಿಗೆ ದೀಪವನ್ನು ಸ್ವಲ್ಪ ಬದಿಗೆ ಸರಿಸಿ, ಇಲ್ಲದಿದ್ದರೆ ವಾರ್ನಿಷ್ ಪದರ ಕಾಣುವುದೇ ಇಲ್ಲ.

ಎಸಿ ಇದ್ದರೆ ಹಗಲು ರಾತ್ರಿ ಹಾಕಿ, ಇಲ್ಲದಿದ್ದರೆ ಹಾಕಲೇಬೇಡಿ. ಹಗಲು ಮಾತ್ರ ಹಾಕಿ ರಾತ್ರಿ ಆರಿಸಿದರೆ ಒದ್ದೆ ಗಾಳಿ ತಣ್ಣಗಿನ ಗಾಜಿಗೆ ತಾಗಿ ಬೆವರುತ್ತದೆ.

ಚೌಕಟ್ಟಿನ ಒಳಗೆ: ಹಾಳೆಯನ್ನು ಸೆಲೋಟೇಪಿನಿಂದಲೋ ಗಮ್ಮಿನಿಂದಲೋ ಪೂರ್ತಿ ಅಂಟಿಸಬೇಡಿ. ಆಮ್ಲರಹಿತ ಬೋರ್ಡಿಗೆ ಮೇಲಿನ ಅಂಚಿನಲ್ಲಿ ಮಾತ್ರ ಜಪಾನಿ ಕೋಜೋ ಕಾಗದದ ಎರಡು ಹಿಂಜ್, ಗೋಧಿ ಗಂಜಿಯ ಅಂಟು. ಹಾಳೆ ಹಿಗ್ಗಿ ಕುಗ್ಗಲು ಕೆಳಗೆ ಬಿಡುವು ಬೇಕು. ಇಂಕಿನ ಮೈ ಗಾಜಿಗೆ ತಾಗಲೇಬಾರದು. ಸಣ್ಣ ಹಾಳೆಗೆ ಮೌಂಟಿನ ದಪ್ಪವೇ ಸಾಕು, ದೊಡ್ಡದು ನಡುವೆ ಉಬ್ಬುತ್ತದೆ, ಅದಕ್ಕೆ ಒಳಗಿನಿಂದ ಸ್ಪೇಸರ್ ಹಾಕಿ.

ಕಾವಿ ಗೋಡೆ

ಇಷ್ಟು ಸೇರಿಸಿ ಕರಡು ತಿದ್ದಿದ್ದೇನೆ. ಹೆಸರು ಮುಚ್ಚುವುದು ಎರಡನೆಯ ಹಂತದಲ್ಲೂ ಮುಂದುವರಿಯುತ್ತದೆ. ಸಹಿ ಇರುವ ಕೆಳ ಅಂಚನ್ನು ಬೋರ್ಡಿನ ಪಟ್ಟಿಯಿಂದ ಮುಚ್ಚಿಡುತ್ತೇವೆ. ಮೂವರು ತೀರ್ಪುಗಾರರಲ್ಲಿ ಒಬ್ಬರಾದರೂ ಸ್ವತಃ ಸ್ಕ್ರೀನ್ ಎಳೆಯುವವರು ಇರಬೇಕು. ಮೂವರೂ ಮೊದಲು ಮಾತಾಡದೆ ಪ್ರತ್ಯೇಕವಾಗಿ ಅಂಕ ಬರೆದು ಕೊಡುತ್ತಾರೆ, ಆಮೇಲೆ ಚರ್ಚೆ. ತಮ್ಮ ವಿದ್ಯಾರ್ಥಿಯ ಅಥವಾ ತಾವೇ ಮುದ್ರಿಸಿಕೊಟ್ಟ ಹಾಳೆ ಬಂದರೆ ಅದಕ್ಕೆ ಅಂಕ ಹಾಕುವುದಿಲ್ಲ. ಮೇಜಿನ ಮೇಲೆ ಲೂಪ್, ಓರೆ ಬೆಳಕಿನ ದೀಪ, ಮಿಲಿಮೀಟರ್ ಸ್ಕೇಲು, ಹತ್ತಿಯ ಕೈಗವಸು.

ಉಳಿದದ್ದು ಒಂದು: ಹಾಳೆಗಳನ್ನು ಹೇಗೆ ಕಳಿಸಿ ಅಂತ ಹೇಳುವುದು? ಬಟರ್ ಪೇಪರ್ ಹಾಕಿ ಸುತ್ತಿ ಟ್ಯೂಬಿನಲ್ಲಿ ಕಳಿಸಿ ಅಂತ ಬರೆದಿದ್ದೆ.

ಮಣಿಪಾಲ 90ಟಿ

ಎರಡೂ ತೆಗೆದುಹಾಕಿ. ಅಕ್ರಿಲಿಕ್ ಇಂಕ್ ಒಣಗಿದ ಮೇಲೂ ಸೆಕೆಗೆ ಮೆದುವಾಗುವಂಥದ್ದು. ಕೊರಿಯರ್ ಗಾಡಿಯೊಳಗಿನ ಬಿಸಿ, ಪಸೆ, ಮೇಲಿನ ಭಾರ ಮೂರೂ ಸೇರಿದರೆ ಗ್ಲಾಸೀನ್, ಬಟರ್ ಪೇಪರ್ ಎರಡೂ ದಪ್ಪ ಇಂಕಿಗೆ ಅಂಟಿಕೊಳ್ಳುತ್ತವೆ, ಬಿಡಿಸುವಾಗ ಮೈ ಕಿತ್ತು ಬರುತ್ತದೆ. ನಡುವೆ ಸಿಲಿಕೋನ್ ರಿಲೀಸ್ ಕಾಗದ ಇರಲಿ, ಸ್ಟಿಕರ್ ಹಿಂದೆ ಇರುತ್ತದಲ್ಲ, ಅದೇ ಜಾತಿ. ಟ್ಯೂಬು ಬೇಡ, ಹಲವು ಪದರದ ಇಂಕು ಸುತ್ತಿದರೆ ಬಿರುಕು ಬಿಡುತ್ತದೆ, 300 ಗ್ರಾಂ ಕಾಗದ ಮತ್ತೆ ನೇರ ಆಗಲಿಕ್ಕೆ ದಿನಗಟ್ಟಲೆ ಬೇಕು.

ಚಪ್ಪಟೆ ಪ್ಯಾಕಿಂಗ್. ಎರಡು ಸುಕ್ಕು ರಟ್ಟು, ಒಂದರ ಗೆರೆ ಉದ್ದಕ್ಕೆ, ಇನ್ನೊಂದರದ್ದು ಅಡ್ಡಕ್ಕೆ, ಹಾಳೆಗಿಂತ ನಾಲ್ಕೂ ಬದಿ 5 ಸೆಂಮೀ ದೊಡ್ಡದು. ಹಾಳೆಯ ನಾಲ್ಕು ಮೂಲೆಗೆ ಕಾಗದ ಮಡಚಿ ಮಾಡಿದ ತ್ರಿಕೋನ ಜೇಬು, ಜೇಬನ್ನು ಮಾತ್ರ ರಟ್ಟಿಗೆ ಅಂಟಿಸಿ. ಹೊರಗೆ ಪಾಲಿಥೀನ್ ಸುತ್ತುವ ಮೊದಲು ಹಾಳೆ, ರಟ್ಟು ಎರಡನ್ನೂ ಒಣ ಕೋಣೆಯಲ್ಲಿ ಒಂದು ದಿನ ಇಟ್ಟಿರಬೇಕು, ಇಲ್ಲವಾದರೆ ಪಸೆಯನ್ನು ಒಳಗೇ ಕಟ್ಟಿ ಕಳಿಸಿದ ಹಾಗೆ. ಕೊನೆಯ ಬಣ್ಣ ಹೊಡೆದು ಕನಿಷ್ಠ ಒಂದು ವಾರ ಆಗಿರಲಿ. ಕೊನೆ ದಿನ ನಿಗದಿ ಮಾಡುವಾಗ ಆ ಒಂದು ವಾರವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕಡಿಯಾಳಿ

ಹಾಳೆ ತಲುಪಿಸುವ ಕೊನೆ ದಿನ ಅಕ್ಟೋಬರ್ ಬದಲು ನವೆಂಬರ್ ಮೂರನೆಯ ವಾರ ಮಾಡಿ. ಫೋಟೋದ ಹಂತ ಅಕ್ಟೋಬರಿನಲ್ಲೇ ಇರಲಿ. ಉಡುಪಿ ಕಡೆಯವರೆಲ್ಲ ಹಾಳೆಗಳನ್ನು ಒಂದು ಕಡೆ ಸೇರಿಸಿ ಒಂದೇ ಗಾಡಿಯಲ್ಲಿ ತಂದರೆ ಕೊರಿಯರಿನ ಗೊಡವೆಯೇ ಬೇಡ. ಅದರ ಏರ್ಪಾಡು ಮಾಡಲಿಕ್ಕೆ ಇಲ್ಲಿ ನಾವು ತಯಾರು.